ನಾಗಲಕ್ಷ್ಮಿ ಸಿಸ್ಟರ್ ಬಿಡಿಸಿದ ಗಂಟು

ನಾಗಲಕ್ಷ್ಮಿ ಸಿಸ್ಟರ್‌ಗೆ ಹೆಬ್ಬಾಳದ ಆಸ್ಪತ್ರೆಯ ಐಸಿಯುನಲ್ಲಿ ಹದಿನೆಂಟು ವರ್ಷದ ಸರ್ವೀಸು. ಸಂಜಯನಗರದಿಂದ ಸ್ಕೂಟಿಯಲ್ಲಿ ಬರುತ್ತಾರೆ. ಡಬ್ಬಿಯಲ್ಲಿ ತಪ್ಪದೆ ಮುದ್ದೆ, ಬಸ್ಸಾರು. ಎಚ್ಚರವಿಲ್ಲದವರ ಜೊತೆಗೂ ಮಾತಾಡುವ ಹೆಂಗಸು. "ಯಜಮಾನ್ರೇ, ಮಗ್ಗುಲು ತಿರುಗಿಸ್ತೀನಿ, ಬೈಕೋಬೇಡಿ," ಎಂದು ನಮ್ಮಪ್ಪ ಚಿಕ್ಕಮುನಿಯಪ್ಪನಿಗೂ ಹೇಳುತ್ತಿದ್ದರು. ಮೊದಲ ದಿನ ನನಗೆ ಮೈಯೆಲ್ಲ ಉರಿದುಹೋಗಿತ್ತು. ಅಪ್ಪ ಸಾವು ಬದುಕಿನ ನಡುವೆ ಇದ್ದಾರೆ, ಈಕೆಗೆ ಹರಟೆ!

ಸೋಂಕು ರಕ್ತಕ್ಕೆ ಹರಡಿ ಅಪ್ಪನ ಬಿಪಿ ಕುಸಿದಿತ್ತು. ಬಲ ಮಣಿಕಟ್ಟಿನ ರಕ್ತನಾಳದೊಳಕ್ಕೇ ಸಣ್ಣ ನಳಿಕೆ ಇಳಿಸಿದ್ದರು. ಒಂದೊಂದು ಬಡಿತದ ಒತ್ತಡವೂ ಮಾನಿಟರ್ ಮೇಲೆ ಕೆಂಪು ಅಲೆಯಾಗಿ ಏಳುತ್ತಿತ್ತು. ಅದನ್ನು ನೋಡಿಕೊಂಡೇ ಬಿಪಿ ಹಿಡಿದಿಡುವ ಔಷಧಿ ಏರಿಸುವುದು, ಇಳಿಸುವುದು.

ಮೂರನೆಯ ದಿನ ಸಂಜೆ ಐದರ ಭೇಟಿಗೆ ಹೊರಟಾಗ ಅಮ್ಮ ಮುನೇಶ್ವರನ ಗುಡಿಯ ಕಪ್ಪು ದಾರ ಕೊಟ್ಟಳು. "ಶಿಲ್ಪ, ಗಂಡಸ್ರಿಗೆ ಬಲಗೈಗೇ ಕಟ್ಬೇಕು ಕಣೇ. ಬಿಗಿಯಾಗ್ ಕಟ್ಟು," ಅಂದಳು. ಸಿಸ್ಟರ್ ಪಕ್ಕದ ಮಂಚದ ಕಡೆ ತಿರುಗಿದ್ದೇ ತಡ, ಹೊದಿಕೆಯೊಳಗೆ ಕೈ ಹಾಕಿ, ನಳಿಕೆಯ ಮೇಲೆಯೇ ಬಿಗಿದು ಗಂಟು ಹಾಕಿಬಿಟ್ಟೆ.

ಅರ್ಧ ನಿಮಿಷವಾಗಿಲ್ಲ, ಮಾನಿಟರ್ ಕೂಗತೊಡಗಿತು. ಅಲೆ ಚಪ್ಪಟೆಯಾಯಿತು. ನೂರ ಹತ್ತು ಇದ್ದ ಬಿಪಿ ಅಂಕಿ ಅರವತ್ತಕ್ಕೆ ಇಳಿಯಿತು.

"ಏನ್ರೀ ನೋಡ್ತಾ ನಿಂತಿದ್ದೀರಾ? ನಮ್ಮಪ್ಪ ಹೋಗ್ತಿದ್ದಾರೆ! ಔಷಧಿ ಜಾಸ್ತಿ ಮಾಡಿ!" ಎಂದು ಅರಚಿದೆ.

ಸಿಸ್ಟರ್ ಔಷಧಿ ಮುಟ್ಟಲೇ ಇಲ್ಲ. ಅಪ್ಪನ ಎಡಗೈ ನಾಡಿ ಹಿಡಿದರು, ಆ ತೋಳಿಗೇ ಬಿಪಿ ಪಟ್ಟಿ ಸುತ್ತಿ ನೋಡಿದರು. ನೂರ ಎಂಟು! ಆಮೇಲೆ ಬಲಗೈ ಮೇಲಿನ ಹೊದಿಕೆ ಸರಿಸಿದರು. ಕಪ್ಪು ದಾರ ಕಂಡಿತು.

"ನಾನೇ ಸಿಸ್ಟರ್, ನಾನೇ ಕಟ್ಟಿದ್ದು."

ಗಂಟು ಬಿಡಿಸಿ, ನಳಿಕೆ ಸರಿಮಾಡಿದರು. ಅಲೆ ಮತ್ತೆ ಎದ್ದಿತು. ಓಡಿಬಂದ ಡಾಕ್ಟರಿಗೆ ನಡೆದದ್ದನ್ನು ನಡೆದ ಹಾಗೆ ಹೇಳಿ, ನನ್ನ ಕಡೆ ತಿರುಗಿದರು. "ದಾರ ನಳಿಕೆ ಅದುಮಿತ್ತು ಅಷ್ಟೇ, ಬಿಪಿ ಇಳಿದೇ ಇರ್ಲಿಲ್ಲ. ನಿನ್ ಮಾತ್ ಕೇಳಿ ಔಷಧಿ ಏರಿಸಿದ್ರೆ ಅಪ್ಪನ ಗತಿ ಏನಾಗ್ತಿತ್ತು ಗೊತ್ತಾ? ಒಂದ್ ಮಾತು ಕೇಳ್ಬಾರ್ದಾ? ನಾನೇನ್ ಬೇಡ ಅಂತಿದ್ನಾ?"

ದಾರವನ್ನು ಅವರು ನನ್ನ ಕೈಗಿಟ್ಟರು.

"ಆ ಕೈಗೆ ಕಟ್ಟು. ಸಡಿಲವಾಗಿ."

"ಎಡಗೈಗಾ? ಗಂಡಸ್ರಿಗೆ..."

"ಮುನೇಶ್ವರಂಗೆ ನಾನ್ ಹೇಳ್ಕೋತೀನಿ, ಕಟ್ಟು."

ಸಡಿಲವಾಗಿ ಕಟ್ಟಿ ಕೈ ಹಿಂದಕ್ಕೆಳೆದುಕೊಂಡೆ. ಇನ್ನು ಅಪ್ಪನನ್ನು ಮುಟ್ಟಲೂ ಭಯ. ಸಿಸ್ಟರ್ ನನ್ನ ಬೆರಳು ಹಿಡಿದು ಅಪ್ಪನ ಎಡ ಮಣಿಕಟ್ಟಿನ ಮೇಲಿಟ್ಟು, "ನಾಡಿ ಸಿಕ್ತಾ?" ಅಂದರು.

ಬೆರಳ ಕೆಳಗೆ ಅಪ್ಪ ಬಡಿಯುತ್ತಿದ್ದರು. ಮೂರು ದಿನದಿಂದ ಎಲ್ಲರ ಮೇಲೂ ರೇಗಾಡಿದ್ದ ನಾನು ಆಗ ಅತ್ತೆ.