ಕೇಳಿದ್ದು ವಿಮಾನದ ಸೀಟು, ಸಿಕ್ಕಿದ್ದು ಒಂದು ಅಂಗೈ

ಎರಡು ಸಾವಿರದ ಏಳನೆಯ ಇಸವಿಯ ಶ್ರಾವಣ, ಸೋಮವಾರ ಬೆಳಿಗ್ಗೆ. ಹುಬ್ಬಳ್ಳಿ ಕೇಶ್ವಾಪುರದ ನನ್ನ ಮೋಟಾರು ರಿವೈಂಡಿಂಗ್ ಅಂಗಡಿಯ ಶಟರ್ ಎತ್ತಿ, ಊದುಬತ್ತಿ ಹಚ್ಚಿ ಇನ್ನೂ ಕೈ ಮುಗಿದಿರಲಿಲ್ಲ, ಮೊಬೈಲು ಬಡಿದುಕೊಂಡಿತು. ಕಾಶಿಯಿಂದ ಶಾಂತಾಬಾಯಿ. ನಮ್ಮ ಪಕ್ಕದ ಮನೆಯವರು. ನನ್ನ ಹೆಂಡತಿ ಗೌರವ್ವ, ಅವರು ಮತ್ತು ನಮ್ಮ ಓಣಿಯ ಒಂದಷ್ಟು ಹೆಣ್ಣುಮಕ್ಕಳು ಬಸ್ಸು ಮಾಡಿಕೊಂಡು ಯಾತ್ರೆಗೆ ಹೋಗಿದ್ದರು.

"ಅಣ್ಣಾ, ಅಕ್ಕಾರು ಬಿದ್ದಾರ್ರಿ. ಘಾಟಿನ ಪಾವಟಿಗಿ ಮ್ಯಾಲೆ ಪಾಚಿ ಕಟ್ಟಿತ್ತು. ಕಾಲು ಜಾರಿ ಹಿಂದಕ್ಕ ಬಿದ್ದರು. ತಲಿಗೆ ಪೆಟ್ಟಾಗೇತಿ."

ಯಾತ್ರೆಯ ಬಸ್ಸು ಮುಂದೆ ಗಯಾಕ್ಕೆ ಹೊರಟುಹೋಗಿತ್ತು. ದವಾಖಾನೆಯಲ್ಲಿ ಗೌರವ್ವನ ಹತ್ತಿರ ಉಳಿದವರು ಶಾಂತಾಬಾಯಿ ಒಬ್ಬರೇ. ತಲೆಯೊಳಗೆ ರಕ್ತ ಹೆಪ್ಪುಗಟ್ಟಿರಬಹುದು, ಸ್ಕ್ಯಾನ್ ಮಾಡಿ ಲಗೂ ಆಪರೇಷನ್ ಮಾಡಬೇಕು ಎಂದು ಡಾಕ್ಟರು ಹೇಳಿದ್ದರಂತೆ. ಮಾಡಲಿ ಎಂದೆ. ಆಗ ಶಾಂತಾಬಾಯಿ ಅಳಲು ಶುರು ಮಾಡಿದರು.

"ಮಾಡಾಕ ಬಿಡವಲ್ಲರ್ರಿ ಅಣ್ಣಾ. ಕೊರಳಾಗಿನ ಬೆಳ್ಳಿ ಕರಡಿಗಿ ತೆಗೀಬೇಕಂತಾರ. ಅಕ್ಕಾರು ಮುಷ್ಟಿ ಬಿಗಿ ಹಿಡದು ಬಿಡವಲ್ಲರು. ಮಾತಿಲ್ಲ, ಕಣ್ಣು ಅರ್ಧಾ ಮುಚ್ಯಾವು, ಖರೇ ಕೈ ಮಾತ್ರ ಕಬ್ಬಿಣ ಆಗೇತಿ. ಜಬರದಸ್ತಿ ಮಾಡಿದ್ರ ಒದ್ದಾಡತಾರ, ಬಿ.ಪಿ. ಏರತೈತಿ, ತಲಿಗೆ ಅಪಾಯ ಅಂತಾರ ಡಾಕ್ಟರ್."

ಶರಣ ಬಂಧುಗಳೇ, ನಿಮಗೆ ಬಿಡಿಸಿ ಹೇಳಬೇಕಿಲ್ಲ. ಆದರೂ ನಮ್ಮ ಮನೆತನದ ರೀತಿ ಹೇಳುತ್ತೇನೆ. ಕರಡಿಗೆಯಲ್ಲಿರುವ ಇಷ್ಟಲಿಂಗ ಉಸಿರಿರುವವರೆಗೂ ಮೈ ಬಿಡುವಂತಿಲ್ಲ. ತೆಗೆಯಲೇಬೇಕಾದ ಪ್ರಸಂಗ ಬಂದರೆ ಟೇಬಲ್ಲಿನ ಮೇಲಲ್ಲ, ಡಬ್ಬಿಯಲ್ಲಲ್ಲ, ಲಿಂಗ ಕಟ್ಟಿದ ಇನ್ನೊಬ್ಬರ ಅಂಗೈಗೇ ಕೊಡಬೇಕು. ನನ್ನವ್ವ ಸೊಸೆಗೆ ಮೊದಲ ದಿನವೇ ಹೇಳಿಕೊಟ್ಟ ಮಾತು ಇದು. ಗೌರವ್ವ ಅಕ್ಷರ ಕಲಿತವಳಲ್ಲ. ಈ ಮಾತು ಮಾತ್ರ ಕಲಿತಿದ್ದಳು.

ಫೋನನ್ನು ಅವಳ ಕಿವಿಗೆ ಹಿಡಿಸಿ, "ಗೌರಾ, ಶಾಂತಾಬಾಯಿ ಕೈಯಾಗ ಕೊಡು, ಏನೂ ಆಗಂಗಿಲ್ಲ" ಎಂದೆ. ಮುಷ್ಟಿ ಇನ್ನಷ್ಟು ಬಿಗಿಯಾಯಿತಂತೆ.

"ನಾ ಲಿಂಗಾ ಕಟ್ಟಿದಾಕಿ ಅಲ್ಲಲ್ರಿ ಅಣ್ಣಾ. ಅವರಿಗೆ ಗೊತ್ತೈತಲ್ಲ. ನೀವ ಬರ್ರಿ. ನಾಳೆ ಮಧ್ಯಾಹ್ನದೊಳಗ ಬಂದ್ರ ನಡದೀತು ಅಂದಾರ."

ನಾಳೆ ಮಧ್ಯಾಹ್ನ! ರೈಲಿನ ಮಾತೇ ಇಲ್ಲ. ವಿಮಾನವೇ ಆಗಬೇಕು.

ನಾನು ಐದನೆಯ ಇಯತ್ತೆಗೇ ಸಾಲಿ ಬಿಟ್ಟವನು. ತಾಮ್ರದ ತಂತಿ ಸುತ್ತುತ್ತಲೇ ಅಂಗಡಿ ಮಾಡಿದೆ, ಮನೆ ಕಟ್ಟಿದೆ. ಯಾರ ಬಾಗಿಲಿಗೂ ಹೋಗಿ ಕೈಚಾಚಿಲ್ಲ, ಮನೆಯ ಸಂಗತಿ ಹೊರಗಿನವರ ಮುಂದೆ ಹರವಿಲ್ಲ. ದುಡ್ಡಿದೆ, ಸೀಟು ತೆಗೆದರಾಯಿತು ಎಂದುಕೊಂಡು ದೇಶಪಾಂಡೆ ನಗರದ ಒಂದು ನೆಟ್ ಸೆಂಟರಿಗೆ ಹೋದೆ. ಮಾಲೀಕ ಮಲ್ಲಣ್ಣ. ಕೆಳಗೆ ಕಂಪ್ಯೂಟರು, ಮೇಲೆ ಅವನ ಮನೆ.

"ಕಾಶಿಗೆ ವಿಮಾನದ ಟಿಕೇಟು ಬೇಕು. ಅರ್ಜಂಟ್" ಎಂದೆ.

"ಕಾಶಿಗೆ ಅರ್ಜಂಟ್ ಹೋಗವರನ್ನ ನಾ ಇವತ್ತ ನೋಡಿದೆ ನೋಡ್ರಿ ಕಾಕಾ" ಎಂದು ನಕ್ಕ. ನಾನು ನಗಲಿಲ್ಲ. ಏಕೆಂದೂ ಹೇಳಲಿಲ್ಲ.

ರಾತ್ರಿಯ ಬಸ್ಸಿಗೆ ಬೆಂಗಳೂರು, ನಸುಕಿನ ವಿಮಾನಕ್ಕೆ ದಿಲ್ಲಿ, ಅಲ್ಲಿಂದ ಇನ್ನೊಂದು ವಿಮಾನ ಕಾಶಿಗೆ. ಮಲ್ಲಣ್ಣ ಹುಡುಕಿ ತೋರಿಸಿದ ದಾರಿ ಅದು. ಎರಡು ಸೀಟು ಇದ್ದವು. ನನ್ನ ಜೀವ ತಂಪಾಯಿತು. ಹೆಸರು ತುಂಬಿದ. ಕಂಪ್ಯೂಟರು ಅಡ್ಡಹೆಸರು ಕೇಳಿತು. ನನ್ನ ಚುನಾವಣಾ ಗುರುತಿನ ಚೀಟಿಯಲ್ಲಿ ಶಿವಬಸಪ್ಪ ಎಂದಿದೆ, ಕೆಳಗೆ ಅಪ್ಪನ ಹೆಸರು ರುದ್ರಪ್ಪ. ಅಡ್ಡಹೆಸರಿಲ್ಲ.

"ಖಾಲಿ ಬಿಟ್ರ ಮುಂದ ಹೋಗವಲ್ದು ಕಾಕಾ. ಅಪ್ಪನ ಹೆಸರ ಹಾಕಲ್ಯಾ?"

"ಅಪ್ಪನ್ನ ಹಾಕು, ಅಜ್ಜನ್ನ ಹಾಕು, ಲಗೂ ಮಾಡಪಾ!"

ಹಾಕಿದ. ಚಕ್ರ ತಿರುಗಿತು, ತಿರುಗಿತು, ಪುಟ ಬೆಳ್ಳಗಾಯಿತು. ಮತ್ತೆ ಮೊದಲಿನಿಂದ. ಈ ಸಲ ಸೀಟಿನ ದರ ಬದಲಾಗಿತ್ತು. ಆಗಲಿ ಎಂದೆ. ನನ್ನ ಬ್ಯಾಂಕಿನ ಕಾರ್ಡು ಕೊಟ್ಟೆ. ಹೊಸ ಕಾರ್ಡು, ಅಭಿಮಾನದಿಂದ ಕಿಸೆಯಲ್ಲಿಟ್ಟುಕೊಂಡು ತಿರುಗುತ್ತಿದ್ದೆ. ಅದು ನಡೆಯಲಿಲ್ಲ. ಕ್ರೆಡಿಟ್ ಕಾರ್ಡೇ ಬೇಕಂತೆ. ಮಲ್ಲಣ್ಣ ತನ್ನ ಕಾರ್ಡು ತೆಗೆದ. ನಂಬರು ಹೊಡೆದು ಮುಗಿಸಬೇಕು, ಕರೆಂಟು ಹೋಯಿತು. ಯು.ಪಿ.ಎಸ್. ಕುಂಯ್ಯೋ ಎಂದು ಅಳುತ್ತ ತಾನೂ ಸತ್ತಿತು.

ಕರೆಂಟು ಬರುವ ತನಕ ಆ ಕರಿಯ ಪರದೆಯಲ್ಲಿ ನನ್ನ ಮುಖ ನೋಡುತ್ತ ಕುಳಿತೆ. ಗುರುವೇ, ಜೀವಮಾನದಲ್ಲಿ ನಿನ್ನನ್ನು ಏನೂ ಕೇಳಿಲ್ಲ, ಒಂದೇ ಒಂದು ಸೀಟು ಕೊಡು ಎಂದು ಒಳಗೇ ಒದರುತ್ತಿದ್ದೆ.

ಕರೆಂಟು ಬಂದ ಮೇಲೆ ಮಲ್ಲಣ್ಣ ಮತ್ತೆ ಎಲ್ಲ ತುಂಬಿದ. ದುಡ್ಡು ಕಟ್ಟಾಯಿತು ಎಂದು ಅವನ ಮೊಬೈಲಿಗೆ ಸಂದೇಶ ಬಂತು. ಟಿಕೇಟು ಬರಲಿಲ್ಲ. ವಿಮಾನ ಕಂಪನಿಗೆ ಫೋನು ಹಚ್ಚಿದರೆ ಸಿತಾರಿನ ಸಂಗೀತ. ನಡುನಡುವೆ ಒಬ್ಬಳು ಇಂಗ್ಲಿಷಿನಲ್ಲಿ ಏನೋ ಹೇಳುತ್ತಿದ್ದಳು.

"ಏನಂತಾಳ?"

"ನಿಮ್ಮ ಫೋನು ನಮಗ ಭಾಳ ಮಹತ್ವದ್ದು ಅಂತಾಳ್ರಿ."

"ಹಂಗಾರ ಎತ್ತಂತ ಹೇಳು!"

ಯಾರೂ ಎತ್ತಲಿಲ್ಲ. ಗೋವಾದಿಂದ ನೋಡಿದೆವು, ಪುಣೆಯಿಂದ ನೋಡಿದೆವು. ಶ್ರಾವಣದ ಗದ್ದಲ, ದಿಲ್ಲಿಯಿಂದ ಕಾಶಿಗೆ ಹೋಗುವ ವಿಮಾನದಲ್ಲೇ ಜಾಗ ಕಡಿಮೆಯಾಗುತ್ತ ಬಂತು. ಸೀಟು ಒಂದು ಇದೆ ಎನ್ನುತ್ತಿತ್ತು, ಒತ್ತಿದರೆ ಇಲ್ಲ ಎನ್ನುತ್ತಿತ್ತು. ನಡುವೆ ಶಾಂತಾಬಾಯಿ ಫೋನು ಮಾಡಿದರು. ಗೌರವ್ವ ಕಣ್ಣು ತೆರೆಯುವುದೂ ನಿಂತಿತ್ತು. ಮುಷ್ಟಿ ಮಾತ್ರ ಹಾಗೇ ಇತ್ತು. "ಇನ್ನ ನಾಳೆ ತನಕಾ ಕಾಯಾಕ ಆಗೂದಿಲ್ಲ ಅನ್ನಾಕತ್ತಾರ್ರಿ. ಟಿಕೇಟ ಸಿಕ್ತಿಲ್ರಿ?"

"ಸಿಗತೈತಿ" ಎಂದೆ. ನನ್ನ ದನಿ ನನಗೇ ಬೇರೆಯವರದ್ದು ಅನಿಸಿತು.

ಹೊತ್ತು ಮುಳುಗಲು ಬಂತು. ಸಂಜೆಯ ಲಿಂಗಪೂಜೆಯ ವೇಳೆ. ಎಂಥ ಕೆಲಸವಿದ್ದರೂ ಅದನ್ನು ನಾನು ತಪ್ಪಿಸಿದವನಲ್ಲ. ಅಂದು ಒಂದು ಕ್ಷಣ, ಬೇಡ ಬಿಡು, ಎದ್ದರೆ ಸೀಟು ಹೋದೀತು ಅನಿಸಿತು. ಮರುಕ್ಷಣವೇ ಗೌರವ್ವನ ಆ ಮುಷ್ಟಿ ಕಣ್ಣ ಮುಂದೆ ಬಂತು. ಸಾಯುವ ಸ್ಥಿತಿಯಲ್ಲಿ ಅವಳು ಬಿಡಲಿಲ್ಲ, ಕುರ್ಚಿಯ ಮೇಲೆ ಕುಳಿತ ನಾನು ಬಿಡಲೇ? ಎದ್ದೆ. ಆದರೆ ಅಗ್ಘವಣಿ, ಪೂಜೆಯ ಶುದ್ಧ ನೀರು, ಬೇಕಲ್ಲ? ಬಾಗಿಲಿನಾಚೆಯ ಮೆಟ್ಟಿಲು ಹತ್ತಿ, ಎಂದೂ ಯಾರಲ್ಲಿಯೂ ಏನೂ ಕೇಳದವನು ಅವರ ಮನೆಯ ಹೊಸ್ತಿಲಲ್ಲಿ ನಿಂತೆ.

ಮಲ್ಲಣ್ಣನ ತಾಯಿ ಪಾರ್ವತೆವ್ವ ಬಂದರು. ಹಣೆಯ ತುಂಬ ವಿಭೂತಿ.

"ಯವ್ವಾ, ಲಿಂಗಕ್ಕ ಒಂದು ತಂಬಿಗಿ ನೀರು."

"ಒಳಗ ಬರ್ರಿ, ನೀರು ಬೇಡಾಕ ಹೊಸ್ತಲಾಗ ನಿಂದರತಾರೇನು?" ಎಂದು ಮಣೆ ಹಾಕಿದರು. ತಂಬಿಗೆ, ಬಿಲ್ವಪತ್ರೆ ಮುಂದಿಟ್ಟರು. ಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡೆ. ಕೈ ಎಷ್ಟು ನಡುಗುತ್ತಿತ್ತೆಂದರೆ ನೀರೆಲ್ಲ ಮಣೆಯ ಮೇಲೆ ಚೆಲ್ಲಿತು. ಆಕೆ ತಮ್ಮ ಕೈಯನ್ನು ನನ್ನ ಅಂಗೈಯ ಕೆಳಗೆ ಹಿಡಿದರು.

"ಏನಾತ್ರಿ ತಮ್ಮಾ?"

ಇಡೀ ದಿನ ಬಿಗಿಹಿಡಿದಿದ್ದ ಬಾಯಿ ಅಲ್ಲಿ ಬಿಟ್ಟಿತು. ಅತ್ತೆ. ಎಲ್ಲ ಹೇಳಿದೆ.

ಕೇಳಿ ಮುಗಿಸಿದವರೇ ಎದ್ದು ನಿಂತರು. "ಅಲ್ರೀ, ನೀವು ವಿಮಾನಾ ಯಾಕ ಹುಡುಕಾಕತ್ತೀರಿ? ಅಲ್ಲಿ ಬೇಕಾಗಿದ್ದು ಲಿಂಗಾ ಕಟ್ಟಿದ ಒಂದು ಕೈ ಹೌದಲ್ಲೋ? ನನ್ನ ತಂಗಿ ನೀಲಮ್ಮ ಕಾಶಿ ಮಠದಾಗ ದಾಸೋಹದ ಅಡಿಗಿ ಮಾಡಿಕೊಂಡ ಇರತಾಳ. ಮಲ್ಲ್ಯಾ! ಏ ಮಲ್ಲ್ಯಾ! ನಿನ್ನ ಚಿಗವ್ವಗ ಫೋನ್ ಹಚ್ಚೋ!"

ಕಾಶಿಯಲ್ಲಿ ನಮ್ಮವರ ಮಠವಿದೆ ಎಂಬುದು ನನಗೇನು ಗೊತ್ತಿರಲಿಲ್ಲವೇ? ಚಿಕ್ಕಂದಿನಿಂದ ಕೇಳಿದ್ದೆ. ನಾನೇ ಹೋಗಬೇಕು, ನಾನೇ ಮಾಡಬೇಕು ಎಂಬ ಒಂದೇ ಹಟ ತಲೆಯಲ್ಲಿ ಕುಳಿತುಬಿಟ್ಟಿತ್ತು. ಬೇರೇನೂ ಹೊಳೆದಿರಲಿಲ್ಲ.

ಮಲ್ಲಣ್ಣ ಮೇಲೆ ಬಂದು ಸಂಗತಿ ಕೇಳಿ ಬೆಳ್ಳಗಾದ. "ಕಾಕಾ, ಮುಂಜಾನೆ ನಾ ಹಂಗ ಅಂದದ್ದು ತಪ್ಪಾತ್ರಿ" ಎನ್ನುತ್ತಲೇ ನಂಬರು ಒತ್ತಿದ. ನೀಲಮ್ಮ ಕೇಳಿದ್ದು ಒಂದೇ ಮಾತು: ಯಾವ ದವಾಖಾನೆ?

ಮುಂದಿನದು ಶಾಂತಾಬಾಯಿ ಹೇಳಿದ್ದು. ಶ್ರಾವಣ ಸೋಮವಾರದ ಜಾತ್ರೆಯಂಥ ಗದ್ದಲದಲ್ಲಿ ಸೈಕಲ್ ರಿಕ್ಷಾ ಮುಂದೆ ಹೋಗದಾಗ ನೀಲಮ್ಮ ಇಳಿದು ನಡೆದೇ ಬಂದರಂತೆ, ಸೆರಗಿಗೆ ಇನ್ನೂ ಜೋಳದ ಹಿಟ್ಟು ಹತ್ತಿತ್ತು. ಸೀದಾ ಹಾಸಿಗೆಯ ಹತ್ತಿರ ಹೋಗಿ ತಮ್ಮ ಲಿಂಗವನ್ನು ಹೊರತೆಗೆದು ಗೌರವ್ವನ ಬೆರಳಿಗೆ ಮುಟ್ಟಿಸಿದರು. ಆಮೇಲೆ ಆ ಮುಷ್ಟಿಯ ಕೆಳಗೆ ಅಂಗೈ ಒಡ್ಡಿ ಕಿವಿಯಲ್ಲಿ ಹೇಳಿದರು: "ಶರಣು ನಮ್ಮವ್ವಾ. ನಾ ನವಲಗುಂದ ಕಡ್ಯಾಕಿ. ನಿನ್ನ ಲಿಂಗಾ ನೆಲಾ ಮುಟ್ಟಂಗಿಲ್ಲ. ನೀ ಏಳೂತನಕಾ ನನ್ನ ಅಂಗೈ ಇಳಿಯಂಗಿಲ್ಲ. ಕೊಡು."

ಬೆರಳುಗಳು ಒಂದೊಂದಾಗಿ ಬಿಚ್ಚಿದವು.

ಈ ಸುದ್ದಿ ಹುಬ್ಬಳ್ಳಿಯ ಆ ಮನೆಯಲ್ಲಿ ಫೋನಿನ ಮೂಲಕ ಕೇಳಿದಾಗ ನಾನಿನ್ನೂ ಮಣೆಯ ಮೇಲೇ ಇದ್ದೆ. ಕೆಳಗೆ ಓಡಿದ ಮಲ್ಲಣ್ಣ ತಿರುಗಿ ಬಂದು ಬಾಗಿಲಲ್ಲಿ ನಿಂತ. "ಕಾಕಾ, ಉಳಿದಿದ್ದ ಸೀಟೂ ಹೋತ್ರಿ." ನಾನು ಮತ್ತು ಪಾರ್ವತೆವ್ವ ಒಬ್ಬರ ಮುಖ ಒಬ್ಬರು ನೋಡಿದೆವು. ಅಳು ಬಂತೋ ನಗು ಬಂತೋ ಇಂದಿಗೂ ಹೇಳಲಾರೆ.

ಸ್ಕ್ಯಾನ್ ಆಯಿತು, ಅದರ ಬೆನ್ನಿಗೇ ಆಪರೇಷನ್ ಆಯಿತು. ಇನ್ನಷ್ಟು ತಡವಾಗಿದ್ದರೆ ತಮ್ಮ ಕೈಯಲ್ಲಿ ಏನೂ ಇರುತ್ತಿರಲಿಲ್ಲ ಎಂದು ಡಾಕ್ಟರು ಶಾಂತಾಬಾಯಿಗೆ ಹೇಳಿದರಂತೆ. ಅಂದರೆ ಸೀಟು ಸಿಕ್ಕು ನಾನು ವಿಮಾನದಲ್ಲಿ ಹೊರಟಿದ್ದರೂ ಹೊತ್ತು ಮೀರುತ್ತಿತ್ತು. ಆ ದಿನ ಪ್ರತಿ ಸಲ ಪುಟ ಬೆಳ್ಳಗಾದಾಗಲೂ ಶಿವನನ್ನು ಬೈದಿದ್ದೆ.

ನಾನು ರೈಲಿನಲ್ಲೇ ಹೋದೆ. ದವಾಖಾನೆ ಮುಟ್ಟಿದಾಗ ಗೌರವ್ವ ತಲೆಗೆ ಬಿಳಿ ಬಟ್ಟೆ ಸುತ್ತಿಕೊಂಡು ದಿಂಬಿಗೆ ಒರಗಿದ್ದಳು. ಪಕ್ಕದಲ್ಲಿ ಕುಳ್ಳಗಿನ ಒಬ್ಬ ಹೆಣ್ಣುಮಗಳು, ಎದೆಯ ಮೇಲೆ ಒಂದು ಕರಡಿಗೆ, ಎಡ ಅಂಗೈಯಲ್ಲಿ ಇನ್ನೊಂದು. ಕಾಲಿಗೆ ಬೀಳಲು ಹೋದೆ, ಬಿಡಲಿಲ್ಲ. "ಲಗೂ ತಗೋರಿಪಾ ನಿಮ್ಮದು. ಎಡಗೈ ಇಲ್ದಂಗ ರೊಟ್ಟಿ ಬಡದು ಬಡದು ಸಾಕಾಗೇತಿ" ಎಂದರು. ಲಿಂಗವನ್ನು ನನ್ನ ಕೈಗೆ ಕೊಟ್ಟರು, ನಾನು ಗೌರವ್ವನ ಕೊರಳಿಗೆ ಕಟ್ಟಿದೆ.

ಅವಳು ನಿಧಾನವಾಗಿ, ತೊದಲುತ್ತ ಕೇಳಿದಳು: "ವಿಮಾನದಾಗ ಬಂದ್ರ್ಯಾ?"

"ಇಲ್ಲ, ರೈಲಿನ್ಯಾಗ."

"ಛಲೋ ಆತು. ನಿಮಗ ಮ್ಯಾಲೆ ಹೋದ್ರ ತಲಿ ತಿರಗತೈತಿ."

ಶರಣರೇ, ಅಂದಿನಿಂದ ನನ್ನ ಪ್ರಾರ್ಥನೆ ಸಣ್ಣದಾಗಿದೆ. ಇಂಥದ್ದೇ ಕೊಡು, ಹೀಗೇ ಕೊಡು ಎಂದು ಗುರುವಿಗೆ ದಾರಿ ತೋರಿಸುವುದನ್ನು ಬಿಟ್ಟಿದ್ದೇನೆ. ಅಂಗಡಿಯಲ್ಲಿ ಈಗ ದಿನವೂ ಒಂದು ತಂಬಿಗೆ ಶುದ್ಧ ನೀರು ತುಂಬಿಡುತ್ತೇನೆ. ಯಾರಾದರೂ ಬಂದು ಅಗ್ಘವಣಿ ಕೇಳಿದರೆ ಕೊಡುತ್ತೇನೆ. ಕೊಟ್ಟು, ಅವರ ಕೈ ನಡುಗುತ್ತಿದೆಯೇ ಎಂದು ನೋಡುತ್ತೇನೆ.