ಪೊಮಾಳ ಬ್ಲಾಗಿಗೆ ಬಂದ ಮರುನುಡಿ

ಅಕಾನ್ ಜನಾಂಗದವರ ಟೆಚಿಮಾನ್ ಪೇಟೆಯಲ್ಲಿ ಬಟ್ಟೆ ಹೊಲಿಯುವ ಪೊಮಾಳಿಗೆ ಬ್ಲಾಗು ಮಾಡಿಕೊಟ್ಟವನು ಅವಳ ತಮ್ಮ ಯಿಯಾಡೊಮ್. ಮರಳುಗಾಡು ದಾಟಿ ಲಿಬಿಯಾಕ್ಕೆ ಹೋಗುವ ಲಾರಿ ಹತ್ತುವ ಮುಂಚೆ ಹೇಳಿದ್ದ: “ಅಕ್ಕ, ಫೋನ್ ನಂಬರು ಇವತ್ತಿದ್ದದ್ದು ನಾಳೆ ಇರಲ್ಲ. ಇದು ಎಲ್ಲೂ ಹೋಗಲ್ಲ. ನೀನು ಮನೆ ಸುದ್ದಿ ಬರೀತಿರು, ನಾನು ಎಲ್ಲಿದ್ರೂ ಕೆಳಗಡೆ ಕಾಮೆಂಟ್ ಹಾಕ್ತೀನಿ.”

ಹೋದವನು ಹೋದ. ವರ್ಷಗಳು ಉರುಳಿದರೂ ಅವನದೊಂದು ಅಕ್ಷರವಿಲ್ಲ. ಬಂದವರೆಲ್ಲ ಬೇರೆಯವರು: “ನಮಸ್ಕಾರ, ನಿಮ್ಮ ಬರಹ ಬಹಳ ಸೊಗಸು” ಎಂದು ಶುರುಮಾಡಿ ಕೈಗಡಿಯಾರ, ಬೊಜ್ಜು ಕರಗಿಸುವ ಮಾತ್ರೆ, ಲಾಟರಿ ಮಾರುವವರು. ಪೊಮಾಳ ಜಾಗದಲ್ಲಿ ಇನ್ನೊಬ್ಬರಿದ್ದರೆ ಇವರನ್ನೆಲ್ಲ ಕಸದ ಹಾಗೆ ಗುಡಿಸಿ ಎಸೆಯುತ್ತಿದ್ದರು. ಅಕಾನರ ಮನೆಯಲ್ಲಿ ಹುಟ್ಟಿ, ನಮಸ್ಕಾರ ಅಂದವರಿಗೆ ಮುಖ ತಿರುಗಿಸುವುದುಂಟೇ? ಪೊಮಾ ಒಬ್ಬೊಬ್ಬರಿಗೂ ತಿರುಗಿ ನಮಸ್ಕಾರ ಬರೆದಳು. ಬೆಲ್ಲ ಕಂಡ ಇರುವೆಗಳಂತೆ ಅವರು ಇನ್ನಷ್ಟು ಮುತ್ತಿಕೊಂಡರು. ಅಳಿಸಲು ಭಯ. ಆ ರಾಶಿಯಲ್ಲಿ ತಮ್ಮನದೂ ಅಳಿಸಿಹೋದರೆ?

ಅಮ್ಮ ಬೇರೆಯೇ ಪಟ್ಟು ಹಿಡಿದಿದ್ದಳು. “ಸಾವಿನ ಕಾರ್ಯ ಮಾಡದೆ ಅವನನ್ನ ಇನ್ನೆಷ್ಟು ದಿನ ದಾರೀಲೇ ನಿಲ್ಲಿಸ್ತೀಯೇ? ಸೂತಕದ ಕೆಂಪು ಬಟ್ಟೆ ಹೊಲಿ.”

“ಬದುಕಿರೋನಿಗೆ ಕಾರ್ಯ ಮಾಡಿದ್ರೆ ಬಾಗಿಲು ನಾವೇ ಮುಚ್ಚಿದ ಹಾಗಲ್ವಾ ಅಮ್ಮ?”

ಒಂದು ಮಧ್ಯಾಹ್ನ ಗಡಿಯಾರದ ಜಾಹೀರಾತಿನ ಕೊನೆಯಲ್ಲಿ ಎರಡೇ ಪದ ಕಂಡವು: “ಯಾ ಎಸೊನ್.” ಪೊಮಾ ಕತ್ತರಿ ಕೆಳಗಿಟ್ಟು ಮತ್ತೆ ಓದಿದಳು. ನಮಸ್ಕಾರ ಹೇಳಿದವರ ತಂದೆಯ ವಂಶ ನೋಡಿ ಮರುನುಡಿ ಕೊಡುವುದು ಅಕಾನರ ರೂಢಿ. ಇದು ಅವಳ ತಂದೆಯ ವಂಶದ ಮರುನುಡಿ. ಅವಳು ಯಾರ ಮಗಳೆಂದು ಬಲ್ಲವರು ಮಾತ್ರ ಹೀಗೆ ಹೇಳಬಲ್ಲರು, ಬ್ಲಾಗಿನಲ್ಲಂತೂ ಅವಳು ಅದನ್ನು ಎಂದೂ ಬರೆದವಳಲ್ಲ.

ಓಡಿಹೋಗಿ ಅಮ್ಮನಿಗೆ ಹೇಳಿದಳು. ಮುದುಕಿಯ ಮುಖ ಅರಳಲಿಲ್ಲ.

“ನನ್ನ ವಿಚಾರಿಸಿದ್ನಾ?”

“ಇಲ್ಲ. ಮರುನುಡಿ ಅಷ್ಟೇ.”

“ಹಾಗಾದ್ರೆ ಮುಗೀತು ಬಿಡು. ಸತ್ತೋರು ಕರೆದ್ರೆ ಓಗೊಡ್ತಾರೆ ಕಣೇ, ತಾವಾಗಿ ಏನೂ ಕೇಳಲ್ಲ. ಬದುಕಿದ್ರೆ ‘ಅಮ್ಮ ಹೇಗಿದ್ದಾಳೆ’ ಅಂತ ಒಂದು ಮಾತು ಕೇಳದೆ ಇರ್ತಿದ್ನಾ ನನ್ನ ಮಗ?”

ಪೊಮಾ ಬಿಡಲಿಲ್ಲ. ಎಲ್ಲಿದ್ದೀಯೋ, ಊಟ ಆಯಿತೇನೋ ಎಂದು ಬರೆದಳು. ಪ್ರತಿ ಸಲವೂ ಒಂದು ಗಡಿಯಾರದ ಚಿತ್ರ, ಕೆಳಗೆ ಅದೇ ಎರಡು ಪದ. ಆಮೇಲೆ ಮಾತ್ರೆಯವರೂ ಲಾಟರಿಯವರೂ ಅದನ್ನೇ ಹೇಳತೊಡಗಿದರು. ಯಾರೂ ಓದದ ಹಳೆಯ ಬರಹಗಳ ಕೆಳಗೂ ಯಾರ‍್ಯಾರದೋ ಹೆಸರಿನಲ್ಲಿ ಅದೇ ಮರುನುಡಿ. ಕರೆದರೆ ಓಗೊಡುತ್ತಾರೆ, ತಾವಾಗಿ ಏನೂ ಕೇಳುವುದಿಲ್ಲ: ಅಮ್ಮ ಹೇಳಿದ್ದೇ ನಿಜವೆನಿಸಿತು ಅವಳಿಗೆ. ಫೋನನ್ನು ಚಿಂದಿ ಬಟ್ಟೆಯ ಬುಟ್ಟಿಯೊಳಗೆ ಹುದುಗಿಸಿ, ಅಳುತ್ತಲೇ ಕೆಂಪು ಬಟ್ಟೆ ಹೊಲಿಯಲು ಕೂತಳು.

ಶನಿವಾರ ಕಾರ್ಯ ನಡೆಯಿತು. ಡೋಲು ಬಾರಿಸಿದರು, ನೆಲಕ್ಕೆ ಹೆಂಡ ಹೊಯ್ದು ಯಿಯಾಡೊಮ್‌ನ ಹೆಸರು ಹಿಡಿದು ಕಳುಹಿಸಿಕೊಟ್ಟರು. ಅಂದು ಅಮ್ಮ ಹೊಟ್ಟೆತುಂಬ ಉಂಡಳು.

ಭಾನುವಾರ ಚರ್ಚಿನಿಂದ ಬಂದವಳೇ ಪೊಮಾ ಬ್ಲಾಗನ್ನು ಅಳಿಸಲು ಕೂತಳು. ಖಂಡಿತ ಅಳಿಸಬೇಕೇ ಎಂದು ಫೋನು ಕೇಳುತ್ತಿದ್ದಾಗಲೇ ಟಿಣ್ ಎಂದು ಹೊಸ ಕಾಮೆಂಟು ಬಂತು. ಗಡಿಯಾರವಿಲ್ಲ, ಮಾತ್ರೆಯಿಲ್ಲ.

“ಅಕ್ಕ, ಅಮ್ಮ ಹೇಗಿದ್ದಾಳೆ?”

“ಯಾರೇ ಅದು?” ಅಂಗಳದಿಂದ ಅಮ್ಮ ಕೂಗಿದಳು. ಎಷ್ಟೋ ವರ್ಷಗಳ ಮೇಲೆ ಅವಳ ದನಿ ಹಗುರಾಗಿತ್ತು.

ಪೊಮಾ ಫೋನನ್ನು ಮಡಿಲಲ್ಲಿ ಮಗುಚಿಟ್ಟಳು.

“ಗಡಿಯಾರ ಮಾರೋರು, ಅಮ್ಮ.”