ಗೇಟಿನಾಚೆಯ ಸ್ಯಾಕ್ಸೋಫೋನ್

ಹೋದ ತಿಂಗಳು ನನ್ನ ಫೋನಿಗೆ ಒಂದು ಫ್ಲೆಕ್ಸಿನ ಚಿತ್ರ ಬಂತು. ಕಳಿಸಿದವರು ವಾಡಿಯ ಸಿಮೆಂಟ್ ಕಾರ್ಖಾನೆಯ ಕಾಲನಿ ಕ್ಲಬ್ಬಿನವರು. ‘ನಮ್ಮೂರ ಹೆಮ್ಮೆಯ ಕಲಾವಿದರಿಗೆ ಭಾವಪೂರ್ಣ ಶ್ರದ್ಧಾಂಜಲಿ’ ಎಂದು ದಪ್ಪಕ್ಷರದಲ್ಲಿ ಬರೆಸಿ, ಬಾಜಾ ಕಾಕಾನ ಮುಖದ ಪಕ್ಕ ಒಂದು ಶಹನಾಯಿ ಹಾಕಿಸಿದ್ದರು. ಕಾಕಾ ಬದುಕಿನಲ್ಲಿ ಒಮ್ಮೆಯೂ ಶಹನಾಯಿ ಮುಟ್ಟಿದವರಲ್ಲ. ಅವರು ಊದಿದ್ದು ಸ್ಯಾಕ್ಸೋಫೋನ್. ಫೋನನ್ನು ಮಗುಚಿ ಮೇಜಿನ ಮೇಲಿಟ್ಟೆ. ದುಃಖಕ್ಕಲ್ಲ.

ಸೇಡಂಗೆ ವರ್ಗವಾಗುವ ಮೊದಲು ನಾನು ವಾಡಿಯ ಶಾಲೆಯೊಂದರಲ್ಲಿ ಕನ್ನಡ ಕಲಿಸುತ್ತಿದ್ದೆ. ಬಾಡಿಗೆ ಮನೆಯ ಗೋಡೆಗೆ ಗೋಡೆ ಹಚ್ಚಿಕೊಂಡೇ ಕಾಕಾನ ಮನೆ. ಮದುವೆಯ ಹಂಗಾಮಿನಲ್ಲಿ ಅವರ ಬ್ಯಾಂಡ್ ಶಹಾಬಾದ್, ಚಿತ್ತಾಪುರ, ಕಾಳಗಿ ಎಂದು ಸುತ್ತುತ್ತಿತ್ತು. ಮೈಮೇಲೆ ಕೆಂಪು ಕೋಟು, ಕುದುರೆಯ ಮುಂದೆ ನಡಿಗೆ, ಸಿನಿಮಾ ಹಾಡು. ಊರಿನ ಮಟ್ಟಿಗೆ ಅವರು ಅಷ್ಟೇ.

ಅಷ್ಟೇ ಅಲ್ಲ ಎಂದು ಮೊದಲು ಕಂಡುಕೊಂಡವರು ನಮ್ಮ ಇಂಗ್ಲಿಷ್ ಮೇಡಂ. ನಮ್ಮ ಶಾಲೆಯಿಂದಲೇ ನಿವೃತ್ತರಾದ ಆಂಗ್ಲೋ ಇಂಡಿಯನ್ ಹೆಂಗಸು. ತಂದೆ ರೈಲ್ವೆ ಗಾರ್ಡ್ ಆಗಿದ್ದರಂತೆ. ಮೇಡಂ ಹುಟ್ಟಿ ಬೆಳೆದದ್ದೆಲ್ಲ ವಾಡಿಯಲ್ಲೇ. ಕ್ಲಬ್ಬಿನ ಹಾಲ್‌ನಲ್ಲಿ ಒಂದು ಹಳೆಯ ಪಿಯಾನೋ ಇತ್ತು. ಅದನ್ನು ಬಾರಿಸಬಲ್ಲವರು ಊರಲ್ಲಿ ಅವರೊಬ್ಬರೇ. ಸುಣ್ಣದ ಧೂಳು ಕೂರದಂತೆ ಅದಕ್ಕೊಂದು ದುಪ್ಪಟಿ ಹೊದಿಸುವರು; ಬೇಸಿಗೆಯಲ್ಲಿ ಕಟ್ಟಿಗೆ ಸೀಳದಿರಲೆಂದು ಅದರ ಹೊಟ್ಟೆಯೊಳಗೆ ನೀರಿನ ಡಬ್ಬಿ ಇಡುವರು.

ಒಂದು ದಿನ ಮೆರವಣಿಗೆಯೊಂದು ಅವರ ಮನೆ ಮುಂದೆ ಹಾಯುವಾಗ ಮೇಡಂ ಬೀದಿಗಿಳಿದು ಕಾಕಾನನ್ನು ನಿಲ್ಲಿಸಿಯೇಬಿಟ್ಟರು.

“ಈಗ ಒಂದು ಸ್ವರ ಬಗ್ಗಿಸಿದ್ಯಲ್ಲ, ಯಾರು ಕಲಿಸಿದ್ರು?”

“ಯಾರೂ ಇಲ್ರಿ ಮೇಡಂ. ಅದು ತಾನೇ ಬಗ್ಗತದ,” ಎಂದರು ಕಾಕಾ, ತಪ್ಪು ಮಾಡಿದವರಂತೆ.

ಮರು ಭಾನುವಾರ ಮಧ್ಯಾಹ್ನ ಇಬ್ಬರೂ ಕ್ಲಬ್ಬಿನ ಹಾಲ್‌ನಲ್ಲಿ ಕೂತರು. ಗಂಡಸಿನೊಡನೆ ಒಬ್ಬರೇ ಕೂತರೆ ಊರು ಏನಾದರೂ ಅಂದೀತು, ಇನ್ನೊಬ್ಬ ಹೆಂಗಸಿರಲಿ ಎಂದು ಮೇಡಂ ನನ್ನನ್ನೂ ಕರೆದರು. ಆಮೇಲೆ ಕರೆಯದಿದ್ದರೂ ಹೋದೆ. ಬ್ಲೂಸ್ ಎಂಬ ಹೆಸರನ್ನು ನಾನು ಕೇಳಿದ್ದೇ ಅಲ್ಲಿ. ಅಮೆರಿಕದ ಹತ್ತಿ ಹೊಲಗಳಲ್ಲಿ, ರೈಲುಹಳಿ ಹಾಸುವಲ್ಲಿ ದುಡಿದ ಕರಿಯರ ಹಾಡು ಅದು, ಜಾಜ್ ಹುಟ್ಟಿದ್ದೂ ಅದರ ಮಡಿಲಲ್ಲೇ ಎಂದು ಮೇಡಂ ಹೇಳುತ್ತಿದ್ದರು. ಮೊದಲು ಒಂದು ಸಾಲು. ಅದೇ ಸಾಲು ಇನ್ನೊಮ್ಮೆ. ಮೂರನೆಯದರಲ್ಲಿ ಅದಕ್ಕೆ ಉತ್ತರ. ಒಬ್ಬರು ಹೇಳಿ ನಿಲ್ಲಬೇಕು, ಇನ್ನೊಬ್ಬರು ಆ ಜಾಗದಲ್ಲಿ ಮಾತಾಡಬೇಕು. ಕಾಕಾ ತಲೆಯಾಡಿಸಿದರು. ಅವರ ತಂದೆ ಶಹಾಬಾದಿನ ಕಲ್ಲುಗಣಿಯಲ್ಲಿದ್ದವರು. “ನಮ್ಮಪ್ಪ ಹಾರೆ ಹಾಕ್ಕೋತ ಹಿಂಗೇ ಹಾಡ್ತಿದ್ರಿ. ಅಂದದ್ದೇ ಅಂದು, ಕಡೀಗಿ ಒಂದು ಬ್ಯಾರೆ ಮಾತು ಒಗೀತಿದ್ದ,” ಎಂದರು.

ಕಲಿಸುವುದು ಎಲ್ಲಿ ಮುಗಿಯಿತೋ, ಜೊತೆಗೆ ಬಾರಿಸುವುದು ಎಲ್ಲಿ ಶುರುವಾಯಿತೋ ನನಗೆ ತಿಳಿಯಲಿಲ್ಲ. ಮೇಡಂ ಎಡಗೈಯಲ್ಲಿ ಪಿಯಾನೋದ ಮಂದ್ರಸ್ವರಗಳ ಮೇಲೆ ನಿಧಾನ ನಡೆಯುತ್ತಿದ್ದರು, ಕಾಕಾ ಕಣ್ಣು ಮುಚ್ಚಿ ಸ್ವರವನ್ನು ಎಳೆದು ಬಗ್ಗಿಸುತ್ತಿದ್ದರು. ಅವಸರ ಮಾಡಿದರೆ ಮೇಡಂ ಗದರುವರು: “ಆರಾಮ್ ಸೇ! ನಿಂಗ ಎಲ್ಲಿ ಹೋಗೋದದ?” ಕಾಕಾ ನಗುವರು... ಆ ನಗುವಿನಲ್ಲಿ ಕೆಂಪು ಕೋಟಿನ ಮನುಷ್ಯ ಇರುತ್ತಿರಲಿಲ್ಲ.

ಕ್ಲಬ್ಬಿನ ವಾರ್ಷಿಕೋತ್ಸವಕ್ಕೆ ಮೇಡಂ ಇಬ್ಬರ ಹೆಸರನ್ನೂ ಕೊಟ್ಟರು. ಕಾರ್ಯದರ್ಶಿ ಹ್ಞೂಂ ಅಂದ. ಕಾಕಾನ ಬಗ್ಗೆ ಸ್ಟೇಜಿನ ಮೇಲೆ ಹೇಳಬೇಕಾದ ನಾಲ್ಕು ಮಾತನ್ನು ನಾನೇ ಸಿದ್ಧಮಾಡಿಕೊಂಡಿದ್ದೆ. ಆ ಸಂಜೆ ಕಾಕಾ ಬಿಳಿ ಅಂಗಿ ತೊಟ್ಟು ಬಂದರೆ, ಗೇಟಿನಲ್ಲಿ ಕಾರ್ಯದರ್ಶಿ ಕೆಂಪು ಕೋಟು ಹಿಡಿದು ನಿಂತಿದ್ದ. ಯಾರನ್ನೋ ಕಾಕಾನ ಮನೆಗೆ ಓಡಿಸಿ ತರಿಸಿದ್ದು. ಅವನ ಹಿಂದೆಯೇ ಬಂದ ಕಾಕಾನ ಹೆಂಡತಿ, ಕಾಕು, ಗೇಟಿನಾಚೆ ನಿಂತಿದ್ದರು.

“ಚೀಫ್ ಗೆಸ್ಟ್ ಬರಲಿಕತ್ತಾರ. ಇದನ್ನ ಹಾಕ್ಕೊಂಡು ಇಲ್ಲೇ ಬಾರ್ಸು. ಒಳಗ ಮೇಡಂ ಒಬ್ಬರೇ ಸಾಕು.”

ತಂದೆಯ ವಯಸ್ಸಿನವರಿಗೆ ‘ಬಾರ್ಸು’. ಕಾಕಾ ಮೆಲ್ಲಗೆ, “ಇವತ್ತ ನಾ ಮೇಡಂ ಜೋಡಿ ಬಾರ್ಸಾಂವ ಇದ್ದೀನ್ರಿ ಸಾಹೇಬ್ರ,” ಎಂದರು.

“ಜೋಡಿ?” ಅವನು ನಕ್ಕ. “ನಿಮ್ಮ ಓಣ್ಯಾವ್ರು ಸ್ಟೇಜ್ ಮ್ಯಾಲ ಕುಂತ್ರ ಕೆಳಗ ಕುಂತ ಮಂದಿ ಏನಂತಾರ? ಸುಮ್ಮ ಕೋಟ್ ಹಾಕ್ಕೊ.”

ನಾನು ಅಲ್ಲೇ ಇದ್ದೆ. ಕಾಕಾ ಕೋಟನ್ನು ಇಸಿದುಕೊಳ್ಳಲಿಲ್ಲ, ಮನೆಗೂ ಹೊರಡಲಿಲ್ಲ, ನಿಂತೇ ಇದ್ದರು. ನಾನು ಅವನ ಮುಂದೆ ಕೂಗಾಡಿದೆ. ಅವನು ಆಗಷ್ಟೇ ಬಂದ ಅತಿಥಿಯ ಕಾರಿನ ಕಡೆ ಓಡಿದ. ಒಳಗೆ ಹೋಗಿ ಮೇಡಂಗೆ ಹೇಳಿದೆ. ಅವರ ಮುಖ ಕೆಂಪಾಯಿತು. ಅತಿಥಿಗಳು ಬಂದು ಕೂತ ಮೇಲೆ ಅವರು ಮೈಕ್ ಎಳೆದುಕೊಂಡರು.

“ನನ್ನ ಜೋಡಿ ಬಾರ್ಸೋರು ಗೇಟಿನ್ಯಾಗ ನಿಂತಾರ. ಅವರನ್ನ ಒಳಗ ಬಿಡವಲ್ರು. ಕಿಟಕಿ ತೆಗೀರಿ. ಅಲ್ಲಿಂದೇ ಬಾರಸ್ತಾರ.”

ಯಾರೂ ಏಳಲಿಲ್ಲ. ಕಿಟಕಿಯನ್ನು ನಾನೇ ತೆಗೆದೆ. ಮೇಡಂ ಮೊದಲ ಸಾಲು ಬಾರಿಸಿ ನಿಂತರು. ಆಮೇಲೆ ಗೇಟಿನ ಕಡೆಯಿಂದ ಸ್ಯಾಕ್ಸೋಫೋನ್ ಉತ್ತರ ಕೊಟ್ಟಿತು. ಆ ದನಿ ಹಾಲ್ ಒಳಗೆ ಬಂದದ್ದು ನನಗೆ ಈಗಲೂ... ಅದರಲ್ಲಿ ಅಳು ಇರಲಿಲ್ಲ. ಭಾನುವಾರಗಳಲ್ಲಿ ನಾನೆಂದೂ ಕೇಳದಿದ್ದ ಒರಟುತನ ಇತ್ತು. ಮುಂದಿನ ಸಾಲಿನ ಮಂದಿ ಮಾತು ನಿಲ್ಲಿಸಿ ಕಿಟಕಿಯತ್ತ ತಿರುಗಿದರು. ಮತ್ತೆ ಮೇಡಂ. ಮತ್ತೆ ಕಾಕಾ.

ಮೂರನೆಯ ಸಾಲಿಗೆ ಬರುವಷ್ಟರಲ್ಲಿ ಕಾರ್ಯದರ್ಶಿ ಧ್ವನಿವರ್ಧಕದವನಿಗೆ ಕೈ ಸನ್ನೆ ಮಾಡಿದ. ಸ್ವಾಗತದ ಹಾಡೊಂದು ಕಿವಿ ಕಿತ್ತುಹೋಗುವಂತೆ ಶುರುವಾಯಿತು. ಮೇಡಂ ನಿಲ್ಲಿಸಲಿಲ್ಲ, ಕಾಕಾನೂ ನಿಲ್ಲಿಸಲಿಲ್ಲ. ಇಲ್ಲಿ ಬೆರಳುಗಳು ಓಡುತ್ತಿದ್ದವು, ಅಲ್ಲಿ ಕೊರಳ ನರ ಉಬ್ಬಿತ್ತು. ಎರಡರದ್ದೂ ಸದ್ದು ಯಾರಿಗೂ ಕೇಳಿಸಲಿಲ್ಲ. ಅತಿಥಿ ಚಪ್ಪಾಳೆ ತಟ್ಟಿದ, ಯಾವುದಕ್ಕೆಂದು ಅವನಿಗೂ ಗೊತ್ತಿರಲಿಲ್ಲ.

ಮುಂದಿನ ಭಾನುವಾರ ಹಾಲ್‌ಗೆ ಬೀಗ. ರಿಪೇರಿ ಎಂದರು. ನೆಲಕ್ಕೆ ಟೈಲ್ಸ್ ಹಾಕುವ ನೆಪದಲ್ಲಿ ಪಿಯಾನೋವನ್ನು ಹಿತ್ತಲಿಗೆ ತಳ್ಳಿದರು. ಮಳೆಗಾಲ ಅದು. ಮೇಡಂ ಅರ್ಜಿ ಕೊಟ್ಟರು, ಬೇಡಿಕೊಂಡರು, ನಾನೂ ಜೊತೆಗೆ ಹೋದೆ. ‘ನೋಡೋಣ್ರಿ’ ಎಂಬುದೊಂದೇ ಉತ್ತರ. ಕಟ್ಟಿಗೆ ನೆನೆದು ಬಾತುಕೊಂಡಿತು. ಕಡೆಗೆ ಗುಜರಿಯವನು ಕೊಡಲಿಯಿಂದ ಒಡೆದು, ಒಳಗಿನ ಬೀಡುಕಬ್ಬಿಣವನ್ನು ಹೊತ್ತೊಯ್ದ. ಒಡೆಯುವಾಗ ತಂತಿಗಳು ಎಂಥ ಸದ್ದು ಮಾಡಿದವೆಂದರೆ, ಬೀದಿಯ ನಾಯಿಗಳು ಬೊಗಳತೊಡಗಿದವು.

ಆಮೇಲೂ ಕಾಕಾ ಭಾನುವಾರ ತಪ್ಪಿಸಲಿಲ್ಲ. ಮೇಡಂ ಮನೆಗೇ ಹೋಗುತ್ತಿದ್ದರು. ಒಂದು ಸಾಲು ಊದಿ ನಿಲ್ಲುವರು. ಮೇಡಂ ಊಟದ ಮೇಜಿನ ಮೇಲೆ ಬೆರಳಾಡಿಸುವರು. ಬರಿಯ ಕಟ್ಟಿಗೆಯ ಮೇಲೆ ಉಗುರಿನ ಟಕಟಕ. ಅದು ಮುಗಿಯುವವರೆಗೂ ಕಾದು ಕಾಕಾ ಮತ್ತೆ ಊದುವರು. ನನಗೆ ನೋಡಲಾಗುತ್ತಿರಲಿಲ್ಲ. ನೋಡದೆ ಇರಲೂ ಆಗುತ್ತಿರಲಿಲ್ಲ.

ಮೇಡಂ ತೀರಿಕೊಂಡಾಗ, ಮಣ್ಣು ಕೊಡುವಲ್ಲಿ ಗೋರಿಯ ಪಕ್ಕ ನಿಂತು ಅದೇ ಹಾಡು ಊದಿದರು ಕಾಕಾ. ಪಿಯಾನೋದ ಜಾಗ ಬಂದಲ್ಲೆಲ್ಲ ಸುಮ್ಮನೆ ನಿಂತರು. ಹಿಂದಿನಿಂದ ಯಾರೋ, “ಮರ್ತಾನೇನ್ರಿ?” ಎಂದು ಪಿಸುಗುಟ್ಟಿದರು.

ನಾನು ಸೇಡಂಗೆ ಬಂದೆ. ಡಿಜೆ ಬಂದು ಬ್ಯಾಂಡ್ ಮುಳುಗಿತು. ಕಾಕಾನಿಗೆ ಪುಪ್ಪುಸದ ಬೇನೆ ಹತ್ತಿತು. ಊದಲು ಉಸಿರು ಸಾಲದಾಯಿತು. ಹಬ್ಬಕ್ಕೆ ಫೋನ್ ಮಾಡುತ್ತಿದ್ದೆ. “ಅರಾಮ ಇದ್ದೀನ್ರಿ ಅಕ್ಕೋರ,” ಎನ್ನುವಷ್ಟರಲ್ಲಿ ಕೆಮ್ಮು...

ಶ್ರದ್ಧಾಂಜಲಿಗೆ ಹೋದೆ. ಅದೇ ಹಾಲ್, ಹೊಳೆಯುವ ಟೈಲ್ಸ್. ಅಂದಿನ ಕಾರ್ಯದರ್ಶಿ ಇಂದು ಅಧ್ಯಕ್ಷ. “ಚಲೋ ಎರಡು ಮಾತಾಡ್ರಿ ಅಕ್ಕೋರ,” ಎಂದು ಮೈಕ್ ಕೊಟ್ಟ. ನಡೆದದ್ದನ್ನೆಲ್ಲ ಹೇಳಿದೆ, ಯಾರು ನಗುತ್ತ ಏನಂದರು ಎಂಬುದನ್ನೂ. ಅವನು ಮೈಕ್ ಹಿಂದಕ್ಕೆ ಇಸಿದುಕೊಂಡು, ಸಭೆಗೆ ಕೈಮುಗಿದು, “ಹಳೇ ಮಾತು. ನನಗಂತೂ ಏನೂ ನೆನಪಿಲ್ರಿ,” ಎಂದ. ನಾಲ್ಕಾರು ಮಂದಿ ನಕ್ಕರು. ಶಾಲು ಹೊದಿಸಲು ಕಾಕಾನ ಹೆಂಡತಿಯನ್ನು ಕರೆದರು.

ಕಾಕು ಎದ್ದು ಹೋದರು. ಶಾಲನ್ನು ಅವನ ಕೈಯಿಂದ ಇಸಿದುಕೊಂಡು ಮೇಜಿನ ಮೇಲಿಟ್ಟರು.

“ನಮಗ ನೆನಪದ,” ಎಂದಷ್ಟೇ ಹೇಳಿ ಇಳಿದು ಬಂದರು.

ಸ್ಟೇಷನ್ನಿನವರೆಗೂ ಅವರು ನನ್ನ ಜೊತೆ ಬಂದರು. “ಇಷ್ಟು ವರ್ಷ ಆದ್ರೂ ನನ್ನ ಸಿಟ್ಟು ಇಳೀವಲ್ದು ಕಾಕು,” ಎಂದೆ.

“ಇಳಸಬ್ಯಾಡ್ರಿ ಅಕ್ಕೋರ,” ಎಂದರು ಅವರು. “ನಮ್ಮನಿಯವ್ರು ಭಾಳ ಇಳಸ್ಕೊಂಡ್ರು. ಒಬ್ಬಾಕಿನೇ ಎಷ್ಟಂತ ಹೊರಲಿ? ನೀವೂ ಒಂದಿಷ್ಟು ಇಟ್ಕೋರಿ.”

ರೈಲು ಬಂತು. ಅವರಿಬ್ಬರ ಒಂದು ಸಾಲನ್ನೂ ಯಾರೂ ಧ್ವನಿಮುದ್ರಿಸಿಕೊಳ್ಳಲಿಲ್ಲ. ಕೇಳಿದವರಲ್ಲಿ ಈಗ ಉಳಿದಿರುವುದು ನಾವಿಬ್ಬರು ಹೆಂಗಸರು, ಮತ್ತು ನೆನಪಿಲ್ಲ ಎನ್ನುವ ಒಂದು ಊರು.